ಕತ್ತರಿಯ ಮಧ್ಯಾಹ್ನದ ಊಟ

ನನ್ನದು ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಪುಟ್ಟ ಅಂಗಡಿ. ಬೀದಿ ದಾಟಿದರೆ ಎದುರಿಗೇ ಅವಳ ಹೊಲಿಗೆ ಅಂಗಡಿ. ಮನೆಯವರು ಇಟ್ಟ ಒಳ್ಳೆಯ ಹೆಸರೊಂದು ಅವಳಿಗೆ ಇದ್ದೇ ಇದೆ, ಆದರೆ ಬೀದಿಗೆಲ್ಲ ಅವಳು ಕತ್ತರಿ. ಸೀಮೆಸುಣ್ಣದ ಗೆರೆ ಇಲ್ಲದೆಯೂ ಅವಳ ಕೈ ಬಟ್ಟೆಯ ಮೇಲೆ ನೇರ ಓಡುತ್ತದೆ. ನಾಲಿಗೆಯೂ ಅಷ್ಟೇ ನೇರ. ನಾನು ಕೊಟ್ಟ ದಾರದ ಬಣ್ಣ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ರೀಲನ್ನು ಅಲ್ಲಿಂದಲೇ ಎಸೆಯುತ್ತಿದ್ದಳು. ನಾನೇನು ಕಮ್ಮಿಯೇ? ಹಿಡಿದು ವಾಪಸ್ಸು ಎಸೆಯುತ್ತಿದ್ದೆ. ಹೀಗೆ ಜಗಳವಾಡುತ್ತಾ ಆಡುತ್ತಾ ಹತ್ತಿರವಾದವರು ನಾವು. ವಯಸ್ಸಿನಲ್ಲಿ ನಾನು ದೊಡ್ಡವಳಾದ್ದರಿಂದ ಬೈಯುವಾಗಲೂ ಅವಳು ನನ್ನನ್ನು ಅಕ್ಕ ಎಂದೇ ಕರೆದು ಬೈಯುತ್ತಾಳೆ.

ಅವಳ ಬಗ್ಗೆ ಬರೆಯಬೇಕೆನ್ನಿಸಿದ್ದು ಹೊಲಿಗೆಗಾಗಿ ಅಲ್ಲ. ಚೆನ್ನಾಗಿ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ಊಟ ಮಾಡುವುದನ್ನೇ ಕೈಬಿಟ್ಟಿದ್ದವಳು ಅದನ್ನು ಎರಡನೆಯ ಸಲ ಕಲಿತಳು, ಕಲಿಯುವಾಗ ಎದುರಿಗೆ ಕೂರುವ ಭಾಗ್ಯ ನನ್ನದಾಯಿತು. ಅದಕ್ಕಾಗಿ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಓದಿದವರು ಅಳುವ ಹಾಗೆ ಬರೆಯಬೇಡ ಎಂದು ತಾಕೀತು ಮಾಡಿದ್ದಾಳೆ. ನೋಡೋಣ.

ಅವಳ ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒತ್ತಿ ಎರಡು ಮಷಿನ್, ಹಿಂದೆ ಅಳತೆ ಕೊಡುವವರಿಗೊಂದು ಪರದೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅವಳ ಅಮ್ಮ. ಕಾಜಾ ತೆಗೆಯುವುದು, ಗುಂಡಿ ಹಾಕುವುದು, ಅಂಚಿನ ಕೈಹೊಲಿಗೆ ಎಲ್ಲ ಅವರದು. ಗಂಡ ಹೋದ ಮೇಲೆ ಆ ಸ್ಟೂಲಿನ ಮೇಲೆ ಕೂತೇ ಮಗಳನ್ನು ದೊಡ್ಡವಳನ್ನಾಗಿ ಮಾಡಿದವರು. ಮಾತು ಕಡಿಮೆ. ತಮ್ಮ ಪಾಲಿನ ಮಾತನ್ನೂ ಸೇರಿಸಿ ಮಗಳಿಗೇ ಕೊಟ್ಟುಬಿಟ್ಟಿದ್ದಾರೆ ಎಂದು ನಾನು ತಮಾಷೆ ಮಾಡುವುದುಂಟು.

ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲುವುದು ಎಲ್ಲ ಕಡೆಯೂ ಇರುವ ಕಥೆ. ಕತ್ತರಿ ಟೇಪನ್ನು ಕೆಳಗಿಳಿಸಿ, "ಉಸಿರು ಬಿಡಿ. ಉಸಿರಾಡೋ ಮನುಷ್ಯರಿಗೆ ನಾನು ಬಟ್ಟೆ ಹೊಲಿಯೋದು" ಎನ್ನುತ್ತಿದ್ದಳು. ದಪ್ಪಗಿದ್ದವರಾಗಲಿ ತೆಳ್ಳಗಿದ್ದವರಾಗಲಿ, ಅವಳ ಅಂಗಡಿಯಿಂದ ಮುಖ ಬಾಡಿಸಿಕೊಂಡು ಹೋದವರನ್ನು ನಾನು ಕಂಡಿಲ್ಲ. ಊರಿನ ಮೈಗಳನ್ನೆಲ್ಲ ಅಷ್ಟು ಮರ್ಯಾದೆಯಿಂದ ಕಂಡವಳು ತನ್ನೊಬ್ಬಳ ಮೈಯನ್ನು ಮಾತ್ರ ಶತ್ರು ಮಾಡಿಕೊಂಡಿದ್ದಳು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುತ್ತೇವೆ, ಆಯ್ತು ಎನ್ನುತ್ತಾರೆ, ಮುಂದಕ್ಕೆ ಹೋಗುತ್ತೇವೆ. ನಾನಂತೂ ದಿನಾ ಕೇಳುತ್ತಿದ್ದೆ, ಅವಳು ದಿನಾ ಆಯ್ತು ಎನ್ನುತ್ತಿದ್ದಳು. ಆಗೆಲ್ಲ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿ ಬರುತ್ತಿದ್ದ ಅಮ್ಮನಿಗೆ, ಅಂಗಡಿಯಲ್ಲೇ ತಿಂದೆ ಎನ್ನುತ್ತಿದ್ದಳು; ಅಂಗಡಿಯಲ್ಲಿ ನನಗೆ, ಮನೆಯಿಂದಲೇ ತಿಂದು ಬಂದೆ. ಇನ್ನು ಬಟ್ಟೆ. ಬೇರೆ ಮನೆಯಲ್ಲಾಗಿದ್ದರೆ ಮಗಳ ಅಂಗಿ ಜೋತಾಡುತ್ತಿರುವುದನ್ನು ನೋಡಿ ಯಾರಾದರೂ ಏಕೆ ಎಂದು ಕೇಳುತ್ತಿದ್ದರು. ದರ್ಜಿಯ ಮನೆಯಲ್ಲಿ ಸಡಿಲವಾದ ಬಟ್ಟೆ ಎಂದರೆ ಕೆಲಸ, ಅಷ್ಟೇ. ಬಾಯಿ ಕೇಳುವ ಮೊದಲೇ ಕೈ ಸೂಜಿಗೆ ಹೋಗುತ್ತದೆ. ಭುಜ ಇಳಿದಿದೆ, ಕೊಡು ಇಲ್ಲಿ ಎಂದು ಅಮ್ಮ ಇಸಿದುಕೊಳ್ಳುತ್ತಿದ್ದರು, ಪಕ್ಕ ಹಿಡಿದು ಹೊಲಿದು ಕೊಡುತ್ತಿದ್ದರು. ಸ್ವಲ್ಪ ಕಾಲ ಕಳೆದರೆ ಮತ್ತೆ ಇಸಿದುಕೊಂಡು ಮತ್ತೆ ಹಿಡಿಯುತ್ತಿದ್ದರು. ಹೀಗಾಗಿ ಕತ್ತರಿಯ ಬಟ್ಟೆ ಯಾವಾಗಲೂ ಅವಳಿಗೇ ಅಚ್ಚು ಹಾಕಿದಂತೆ ಕೂರುತ್ತಿತ್ತು. ಏನು ಫಿಟ್ಟಿಂಗ್ ಎಂದು ನಾವು ಹೊಗಳುತ್ತಿದ್ದೆವು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಒಂದು ಬೆಳಿಗ್ಗೆ ಶಾಲೆಯ ಸಮವಸ್ತ್ರದ ಬಟ್ಟೆ ಮೇಜಿನ ಮೇಲೆ ಹಾಸಿಕೊಂಡು ಕತ್ತರಿಸುತ್ತಿದ್ದವಳು ಹಾಗೇ ಕುಸಿದಳು. ನಾನು ಬೀದಿ ದಾಟಿ ಓಡಿದೆ. ಆಟೋದಲ್ಲಿ ಮಲಗಿಸಿಕೊಂಡಾಗ ನನ್ನ ತೋಳಿನ ಮೇಲೆ ಬಂದ ಭಾರ ಇದೆಯಲ್ಲ, ಅದು ಒಬ್ಬ ಹೆಂಗಸಿನ ಭಾರವಲ್ಲ. ಆಸ್ಪತ್ರೆಯಲ್ಲಿ ನರ್ಸ್ ಅಂಗಿಯ ಮೇಲಿನ ಗುಂಡಿಗಳನ್ನು ಬಿಚ್ಚಿದಾಗ ಅಮ್ಮ ಮಗಳ ಕೊರಳ ಕೆಳಗಿನ ಎಲುಬುಗಳನ್ನು ನೋಡಿದರು. ನೋಡಿ, ಗೋಡೆಗೆ ಒರಗಿ ನಿಂತುಬಿಟ್ಟರು.

ಡಾಕ್ಟರು ಮೆತ್ತಗಿನ ಮನುಷ್ಯ, ಆದರೆ ಮಾತನ್ನು ಮೆತ್ತಗೆ ಮಾಡಲಿಲ್ಲ. ಎದೆಬಡಿತ ತುಂಬಾ ನಿಧಾನವಾಗಿದೆ, ಹೀಗೇ ಹೋದರೆ ಹೃದಯ ಒಂದು ದಿನ ನಿಂತೇ ಬಿಡಬಹುದು ಎಂದರು. ಇದು ಹಟವಲ್ಲ, ಸೊಗಸಿನ ಹುಚ್ಚೂ ಅಲ್ಲ, ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆ. ಬೈದರೆ ಹೋಗುವುದಿಲ್ಲ, ಬೇಡಿಕೊಂಡರೂ ಹೋಗುವುದಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮೈಯನ್ನು ಸ್ವಲ್ಪ ಸರಿ ಮಾಡುತ್ತೇನೆ, ಆಮೇಲೆ ಊಟದ ತಜ್ಞೆಯನ್ನೂ ಆಪ್ತಸಮಾಲೋಚಕಿಯನ್ನೂ ಬಿಡದೆ ಕಾಣಬೇಕು ಎಂದರು. ಊಟ ತಪ್ಪಿಸಿದರೆ ಮತ್ತೆ ಇದೇ ಮಂಚ.

ಆಪ್ತಸಮಾಲೋಚಕಿಯ ಕೋಣೆ ಕನ್ನಡಕದ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಎರಡು ಕುರ್ಚಿ, ಒಂದು ಫ್ಯಾನ್, ಕಿಟಕಿಯಲ್ಲಿ ಒಂದು ಗಿಡ. ನಾವೆಲ್ಲ ಮೇಡಂ ಎಂದೇ ಕರೆಯುತ್ತೇವೆ. ಒಳಗೆ ಏನು ನಡೆಯಿತೆಂಬುದನ್ನು ಕತ್ತರಿಯೇ ಆಮೇಲೆ ನನಗೆ ಹೇಳಿದ್ದು. ಮೊದಲ ದಿನ ಅವಳು ಕಾಯಿಲೆಯ ಬಗ್ಗೆ ತುಟಿ ಬಿಚ್ಚಲಿಲ್ಲವಂತೆ. ಮೇಡಂ ಹಾಕಿಕೊಂಡಿದ್ದ ಅಂಗಿಯ ಭುಜದ ಹೊಲಿಗೆ ಸೊಟ್ಟ ಇತ್ತು, ಇದ್ದಷ್ಟು ಹೊತ್ತೂ ಅದನ್ನೇ ಬೈದಳು. ಕೊನೆಗೆ ತಡೆಯಲಾರದೆ, ಬಿಚ್ಚಿ ಕೊಡಿ, ನಾನೇ ಸರಿ ಮಾಡಿ ತರುತ್ತೇನೆ ಎಂದಳು. ಮೇಡಂ ಮನಸಾರೆ ನಕ್ಕರು.

"ಸರಿ ಮಾಡೋದು ಬೇಡ. ಮುಂದಿನ ಸಲಾನೂ ಇದನ್ನೇ ಹಾಕ್ಕೊಂಡು ಬರ್ತೀನಿ. ಸೊಟ್ಟ ಇರೋದನ್ನ ಸೊಟ್ಟವಾಗೇ ಬಿಟ್ಟು ಅದರ ಎದುರಿಗೆ ಕೂತ್ಕೊಳ್ಳೋಕಾಗತ್ತಾ, ನೋಡೋಣ."

ಅವಳು ಕೆಂಡಾಮಂಡಲವಾಗಿ ಮೆಟ್ಟಿಲಿಳಿದು ಬಂದಳು. ಇನ್ನು ಕಾಲಿಡುವುದಿಲ್ಲ ಎಂದಳು. ಮುಂದಿನ ವಾರ ಹೋದಳು. ಸೊಟ್ಟ ಭುಜ ಅಲ್ಲೇ ಇತ್ತಂತೆ, ಅವಳೂ ಕೂತಳಂತೆ, ಆಕಾಶವೇನೂ ಕಳಚಿ ಬೀಳಲಿಲ್ಲ.

ನಿಧಾನಕ್ಕೆ ಮಾತು ಬಂತು. ತಟ್ಟೆಯ ಮುಂದೆ ಕೂತರೆ ಒಳಗಿನಿಂದ ಯಾರೋ ಗದರುತ್ತಾರೆ ಎಂದಳು. ನೀನು ಸಾಲದು, ನಿನ್ನದು ಹೆಚ್ಚಾಯಿತು, ಎಲ್ಲ ಬಿಚ್ಚು, ಮೊದಲಿನಿಂದ ಮಾಡು. ಆ ದನಿ ನಿಮ್ಮದೋ ಕಾಯಿಲೆಯದೋ ಎಂದು ಮೇಡಂ ಕೇಳಿದರು. ಅದುವರೆಗೆ ಅದು ತನ್ನದಲ್ಲದೆ ಬೇರೆಯವರದು ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಬೇರೆ ಮಾಡಿ ನೋಡಲು ಅದಕ್ಕೊಂದು ಹೆಸರಿಡಿ ಎಂದರು. ಅವಳು ಮಾಸ್ಟರ್ ಎಂದು ಇಟ್ಟಳು. ದೊಡ್ಡ ಹೊಲಿಗೆ ಅಂಗಡಿಗಳಲ್ಲಿ ಮಾಸ್ಟರ್ ಅಂತ ಒಬ್ಬನಿರುತ್ತಾನೆ, ಒಂದು ಎಳೆ ತಪ್ಪಿದರೂ ಇಡೀ ಬಟ್ಟೆ ಬಿಚ್ಚಿಸುವವನು.

ಅಮ್ಮನದು ಬೇರೆಯೇ ಸಂಕಟ. ಪ್ರತಿ ಸಲ ಹಿಡಿದು ಕೊಟ್ಟವಳು ನಾನೇ, ನನ್ನ ಕಣ್ಣಿಗೇನಾಗಿತ್ತು ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಮೇಡಂ ಅವರನ್ನೂ ಕರೆಸಿದರು. ಯಾರಿಂದ ಬಂತು, ಏಕೆ ಬಂತು ಎಂದು ಒಬ್ಬರ ಮೇಲೆ ಬೊಟ್ಟು ಮಾಡುವ ಕಾಯಿಲೆಯಲ್ಲ ಇದು ಎಂದು ಬಿಡಿಸಿ ಹೇಳಿದರು. "ನಿಮ್ಮ ಕೈ ತಪ್ಪು ಮಾಡಿಲ್ಲಮ್ಮ. ಅದಕ್ಕೆ ಗೊತ್ತಿದ್ದ ಕೆಲಸ ಮಾಡಿದೆ. ಇನ್ನು ಮುಂದೆ ಅದೇ ಕೈ ನಮಗೆ ಬೇಕು" ಎಂದರಂತೆ. ಆ ಮಾತಿಗೆ ನಾನು ಮೇಡಂಗೆ ಎಷ್ಟು ಋಣಿಯೋ ಹೇಳಲಾರೆ. ಅಮ್ಮ ಅಂದು ಸಂಜೆ ಮತ್ತೆ ಸೂಜಿ ಹಿಡಿದರು.

ಆದರೆ ಊಟದ ಹೊತ್ತಿಗೆ ಅಮ್ಮ ಎದುರಿಗೆ ಕೂತರೆ ಕಣ್ಣೆಲ್ಲ ತಟ್ಟೆಯಲ್ಲೇ, ಅದೂ ತುಂಬಿದ ಕಣ್ಣು. ಮಗಳಿಗೆ ತುತ್ತು ಇಳಿಯುತ್ತಿರಲಿಲ್ಲ. ಮಧ್ಯಾಹ್ನ ಜೊತೆಗೆ ಕೂರಲು ಬೇರೆ ಯಾರಿದ್ದಾರೆ, ಯಾರ ಮುಂದೆ ನೀವು ಹೆದರದೆ ಜಗಳವಾಡಬಲ್ಲಿರಿ ಎಂದು ಮೇಡಂ ಕೇಳಿದ್ದಕ್ಕೆ ಅವಳು ಯೋಚಿಸದೆ ಗುಂಡಿ ಅಂಗಡಿ ಅಕ್ಕ ಎಂದಳಂತೆ. ಹೀಗೆ ನಾನು ಮೆಟ್ಟಿಲು ಹತ್ತಿದೆ.

ನನಗೆ ಪಾಠವಾಯಿತು. ಊಟದ ಬಗ್ಗೆ ಮಾತಾಡಬಾರದು. ಇನ್ನಷ್ಟು ಬಡಿಸಿಕೋ ಎನ್ನಬಾರದು, ತಿಂದರೆ ಶಭಾಷ್ ಎನ್ನಬಾರದು, ತಟ್ಟೆಯನ್ನು ನೋಡಬಾರದು. ಮುಖದಲ್ಲಿ ಕಳೆ ಬಂದಿದೆ ಎಂದೂ ಹೇಳಬಾರದು, ಏಕೆಂದರೆ ಆ ಮಾತನ್ನು ಮಾಸ್ಟರ್ ದಪ್ಪಗಾಗಿದ್ದೀಯ ಎಂದು ತಿರುಗಿಸಿ ಹೇಳುತ್ತಾನೆ. ನಾನೂ ಜೊತೆಯಲ್ಲಿ ನನ್ನ ಊಟ ಮಾಡಬೇಕು, ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರಬೇಕು, ನಡುವೆ ಎದ್ದು ಹೋಗಬಾರದು. ಹಾಗಾದರೆ ಮಾಡಬೇಕಾದ್ದೇನು ಎಂದು ಕೇಳಿದೆ. ಬೇರೆ ಏನಾದರೂ ಮಾತಾಡುತ್ತಾ ಇರಿ ಎಂದರು. ಅಷ್ಟಾದರೆ ನನಗೆ ಬರುತ್ತದೆ ಎಂದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ. ಅವಳಿಗೆ ಮೊದಲನೆಯದು ಬರುತ್ತಿರಲಿಲ್ಲ, ನನಗೆ ಎರಡನೆಯದು. ಇಬ್ಬರೂ ಒಂದೇ ಮೇಜಿನಲ್ಲಿ ಕಲಿಯಲು ಕೂತೆವು.

ಬಟ್ಟೆ ಕತ್ತರಿಸುವ ಮೇಜಿನ ಮೂಲೆ ಖಾಲಿ ಮಾಡಿ ಊಟದ ಜಾಗ ಮಾಡಿದೆವು. ನನ್ನ ಡಬ್ಬಿಯನ್ನು ಬೆಳಿಗ್ಗೆಯೇ ಅಲ್ಲಿಟ್ಟು ಹೋಗುತ್ತಿದ್ದೆ, ನೆಪ ಹೇಳಿ ತಪ್ಪಿಸಿಕೊಳ್ಳಲು ಇಬ್ಬರಿಗೂ ಆಗಬಾರದೆಂದು. ಊಟದ ತಜ್ಞೆ ಹೇಳಿದಷ್ಟನ್ನು ಅಮ್ಮ ಬಡಿಸಿ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಹಸಿವೇ ಇಲ್ಲದೆ ಹೇಗೆ ತಿನ್ನಲಿ ಎಂದು ಕತ್ತರಿ ಕೇಳುತ್ತಿದ್ದಳು. ಸುಳ್ಳಲ್ಲ ಅದು. ಬಹಳ ಕಾಲ ಕರೆದರೂ ಯಾರೂ ಬಾಗಿಲು ತೆಗೆಯದಿದ್ದರೆ ಹಸಿವು ಕರೆಯುವುದನ್ನೇ ಬಿಡುತ್ತದೆ, ಈಗ ಗಡಿಯಾರ ನೋಡಿ ತಿನ್ನಿ, ಹಸಿವು ತನ್ನ ಪಾಡಿಗೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ ಎಂದಿದ್ದರು ಮೇಡಂ.

ಮೊದಮೊದಲು ಅನ್ನವನ್ನು ತಟ್ಟೆಯಲ್ಲಿ ಅಂಚಿನಿಂದ ಅಂಚಿಗೆ ಓಡಿಸುವುದೇ ಆಗುತ್ತಿತ್ತು. ಕಣ್ಣೀರು ಸುರಿಯುತ್ತಿತ್ತು, ಸಿಟ್ಟೂ ಸುರಿಯುತ್ತಿತ್ತು. ನಿನಗೇನು, ನಿನ್ನ ಗಂಟಲೇ ಬಾವಿ ಎಂದು ನನ್ನನ್ನು ಬೈದಳು. ಬೈಸಿಕೊಂಡು ನನ್ನ ಬಾವಿಗೆ ನಾನು ಹಾಕಿಕೊಳ್ಳುತ್ತಿದ್ದೆ. ಬಾಯಿಗೆ ಬೀಗ ಹಾಕುವುದು ಎಷ್ಟು ಕಷ್ಟವೆಂದು ನನ್ನ ಮನೆಯವರನ್ನು ಕೇಳಿ. ಮೊದಲ ಸಲ ತಟ್ಟೆ ಖಾಲಿಯಾದ ದಿನ ಆಹಾ ಎನ್ನಲು ಬಾಯಿ ತೆರೆದವಳು ಅಲ್ಲೇ ನಾಲಿಗೆ ಕಚ್ಚಿಕೊಂಡೆ, ಆಕಳಿಕೆ ಬಂದವಳಂತೆ ಮುಗಿಸಿದೆ. ಅದು ಅವಳಿಗೆ ಗೊತ್ತಾಗಿ ನಗು ಬಂತು. ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು. ಕ್ರಮೇಣ ಊಟದ ನಡುವೆ ತುತ್ತು ನಿಂತರೆ, ಮಾಸ್ಟರ್ ಬಂದಿದ್ದಾನೆ ಎಂದು ಅವಳೇ ಹೇಳಲು ಶುರು ಮಾಡಿದಳು. ಅಲ್ಲೇ ಕೂರಿಸು, ನಮ್ಮ ಊಟ ಆದ ಮೇಲೆ ಮಾತಾಡಿಸೋಣ ಎನ್ನುತ್ತಿದ್ದೆ.

ಇಷ್ಟಾದಾಗ ಎಲ್ಲ ದಾರಿಗೆ ಬಂತೆಂದುಕೊಂಡೆವು. ಮೈ ತುಂಬಿಕೊಳ್ಳತೊಡಗಿತು. ಮೈ ತುಂಬಿದರೆ ಬಟ್ಟೆ ಬಿಗಿಯಾಗಬೇಕಲ್ಲ, ಅದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಒಂದು ದಿನ ಅವಳ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ತಟ್ಟೆ ಮುಟ್ಟದೆ ಹಾಗೇ ಇತ್ತು. ಅವಳು ನೆಲದ ಮೇಲೆ ಕೂತು ತನ್ನ ಅಂಗಿಯ ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು. ಸುತ್ತಲೂ ಇನ್ನಷ್ಟು ಬಿಚ್ಚಿದ ಅಂಗಿಗಳು. ಗಿರಾಕಿಗಳ ಬಟ್ಟೆಯಲ್ಲಿ ಅಮ್ಮ ಯಾವಾಗಲೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾರೆ, ಮುಂದೆ ಬೇಕಾದರೆ ಬಿಚ್ಚಿ ಅಗಲ ಮಾಡಲಿ ಎಂದು. ಮಗಳದು ಮನೆಯ ಬಟ್ಟೆ, ಅಚ್ಚುಕಟ್ಟಾಗಿ ಕೂರಲಿ ಎಂದು ಪ್ರತಿ ಸಲ ಹಿಡಿದಾಗಲೂ ಹೆಚ್ಚಿದ್ದನ್ನು ಕತ್ತರಿಸಿ ಹಾಕಿಬಿಟ್ಟಿದ್ದರು. ಬಿಚ್ಚಲು ಒಳಗೆ ಏನೂ ಉಳಿದಿರಲಿಲ್ಲ.

"ನೋಡಕ್ಕ, ಒಂದು ನೂಲೂ ಉಳಿದಿಲ್ಲ. ನಾನು ಇಷ್ಟೇ ಇರ್ಬೇಕು ಅಂತ ಬಟ್ಟೇನೇ ಹೇಳ್ತಿದೆ" ಎಂದಳು.

ಅವಳನ್ನು ಎಬ್ಬಿಸಿ, ಅಮ್ಮನನ್ನೂ ಕರೆದೆ. ಮೂರು ಜನವೂ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದೆವು. ಮೇಡಂಗೆ ಆಶ್ಚರ್ಯವೇ ಆಗಲಿಲ್ಲ. ಮೈ ಮರಳಿ ಬರುವಾಗ ಹೆದರಿಕೆಯೂ ಮರಳಿ ಬರುವುದು ಬಹಳ ಜನಕ್ಕೆ ಆಗುತ್ತದೆ, ಇದು ಸೋಲಲ್ಲ, ದಾರಿಯ ಒಂದು ಭಾಗ ಎಂದರು. ಬಟ್ಟೆ ಚಿಕ್ಕದಾಗಿದೆ, ನೀವು ತಪ್ಪಾಗಿಲ್ಲ. ಚಿಕ್ಕ ಬಟ್ಟೆಗಳು ಮನೆಯಲ್ಲಿ ಇರುವುದೇ ಬೇಡ, ಹೊಸದು ಹೊಲಿಸಿ ಎಂದರು. ಕತ್ತರಿ ತಲೆಯಾಡಿಸಿದಳು. ಹೊಸದಕ್ಕೆ ಅಳತೆ ಬೇಕು. ಟೇಪು ಮೈಗೆ ತಾಗಿದರೆ ಸಾಕು, ನೋಡದೆಯೇ ನನಗೆ ಅಂಕಿ ತಿಳಿಯುತ್ತದೆ, ಅಂಕಿ ತಿಳಿದರೆ ಅಂದಿಗೆ ಊಟ ಮುಗಿಯಿತು ಎಂದಳು.

ಮೂಲೆಯಲ್ಲಿ ಕೂತಿದ್ದ ಅಮ್ಮ ಆಗ ಬಾಯಿ ತೆರೆದರು. "ಆಸ್ಪತ್ರೇಲಿ ಇವಳನ್ನ ತಿರುಗಿಸಿ ನಿಲ್ಲಿಸಿ ತೂಕ ನೋಡ್ತಾರೆ, ಇವಳಿಗೆ ಕಾಣದ ಹಾಗೆ. ಹಂಗೇ ಅಳತೆನೂ ತಗೋಬಹುದಲ್ವಾ? ನಮ್ಮಜ್ಜಿ ದಾರದಲ್ಲಿ ಗಂಟು ಹಾಕಿ ಅಳೀತಿದ್ರು. ಅದರಲ್ಲಿ ಅಂಕಿನೇ ಇರಲ್ಲ."

ಮೇಡಂ ಕತ್ತರಿಯ ಕಡೆ ತಿರುಗಿ, ನಿಮಗೆ ಒಪ್ಪಿಗೆಯೇ ಎಂದು ಕೇಳಿದರು. ಕೊನೆಗೆ ಅವಳು ಹೂಂ ಎಂದಳು.

ದಪ್ಪ ಹತ್ತಿಯ ದಾರದ ರೀಲು ನಾನು ತಂದುಕೊಟ್ಟೆ. ಬಣ್ಣದ ಬಗ್ಗೆ ಅವಳು ತಕರಾರು ತೆಗೆಯದ ಮೊದಲ ರೀಲು ಅದು. ಪರದೆಯ ಆಚೆ ಅವಳು ಕಣ್ಣು ಮುಚ್ಚಿ ನಿಂತಳು. ಅಮ್ಮ ದಾರವನ್ನು ಭುಜಕ್ಕೆ, ಎದೆಗೆ, ಸೊಂಟಕ್ಕೆ ಸುತ್ತಿ ಒಂದೊಂದಕ್ಕೂ ಒಂದು ಗಂಟು ಹಾಕಿದರು. ಎಳೆದು ಕಟ್ಟಲಿಲ್ಲ, ಧಾರಾಳವಾಗಿ ಬಿಟ್ಟರು. ಎಷ್ಟು ವರ್ಷವಾಗಿತ್ತೋ ಅಮ್ಮನ ಕೈ ಹಾಗೆ ಮೈ ಮೇಲೆ ಆಡಿ ಎಂದು ಕತ್ತರಿ ನನಗೆ ಹೇಳಿದಳು. ಅಮ್ಮ ಒಂದೇ ಮಾತಾಡಿದರಂತೆ. ಉಸಿರು ಬಿಡು ಎಂದರಂತೆ. ಹಳೆಯ ಅಂಗಿಗಳನ್ನೆಲ್ಲ ಅಂದೇ ತುಂಡು ಮಾಡಿ ಮಷಿನ್ ಒರೆಸುವ ಬಟ್ಟೆ ಮಾಡಿದೆವು. ಹೊಸ ಅಂಗಿ ಹೊಲಿದು, ಒಳಗೆ ಮೂರು ಬೆರಳು ಬಟ್ಟೆ ಬಿಟ್ಟು, ಅಮ್ಮ ಗಂಟಿನ ದಾರವನ್ನು ಕತ್ತರಿಸಿ ಬಟ್ಟೆ ಚೂರುಗಳ ಬುಟ್ಟಿಗೆ ಹಾಕಿದರು.

ಅಲ್ಲಿಂದ ಮುಂದೆ ಎಲ್ಲ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಒಂದು ವಾರ ಒಳ್ಳೆಯದು, ಇನ್ನೊಂದು ವಾರ ಮಾಸ್ಟರ್‌ನದೇ ದರ್ಬಾರು. ಒಳ್ಳೆಯ ವಾರದಲ್ಲೂ ಕೆಟ್ಟ ವಾರದಲ್ಲೂ ಅವಳು ಮೆಟ್ಟಿಲು ಹತ್ತಿದಳು, ಹಸಿವಿಲ್ಲದಿದ್ದರೂ ಗಡಿಯಾರ ನೋಡಿ ಉಂಡಳು. ಡಾಕ್ಟರು ಎದೆಬಡಿತ ಸರಿಯಾಗುತ್ತಿದೆ ಎಂದಾಗ ಅಮ್ಮ ಅವರ ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಕೆಲವರಿಗೆ ಕಾಯಿಲೆಯಿಂದ ಹೊರಬರುವ ಇಂಥ ಬಾಗಿಲೇ ಸಿಗುವುದಿಲ್ಲ. ನಮಗೆ ಸಿಕ್ಕಿತು. ಹಸಿವು ಮಾತ್ರ ಬಂದಿರಲಿಲ್ಲ. ಅದು ಇನ್ನು ಬರುವುದಿಲ್ಲ ಬಿಡಿ, ನನ್ನ ಮೇಲೆ ಮುನಿಸಿಕೊಂಡು ಹೋಗಿಬಿಟ್ಟಿದೆ ಎಂದು ಮೇಡಂ ಹತ್ತಿರ ಅತ್ತಿದ್ದಳಂತೆ. ಬರದಿದ್ದರೆ ಜೀವನವಿಡೀ ಹೀಗೇ ಕಹಿ ಔಷಧಿ ನುಂಗಿದಂತೆ ಅನ್ನ ನುಂಗಬೇಕೇ ಎಂಬುದೇ ಅವಳ ದೊಡ್ಡ ಭಯವಾಗಿತ್ತು. ಕೇಳಿ ನನಗೂ ಭಯವಾಗುತ್ತಿತ್ತು. ಔಷಧಿಯನ್ನು ಯಾರು ತಾನೆ ಎಷ್ಟು ಕಾಲ ನುಂಗಿಯಾರು?

ಮೊನ್ನೆ ಊಟದ ಹೊತ್ತಿಗೆ ಸರಿಯಾಗಿ ಒಬ್ಬ ಹೆಂಗಸು ಹಳೆಯ ಕೋಟು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಕಳೆದುಹೋದ ಗುಂಡಿಗೆ ಜೋಡಿ ಬೇಕು. ಡಬ್ಬ ಡಬ್ಬ ಸುರಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ತೆಗೆದದ್ದನ್ನೇ ಮತ್ತೆ ತೆಗೆಸಿ, ಬೆಳಕಿಗೆ ಹಿಡಿದು, ಕೊನೆಗೆ ಏನೂ ಕೊಳ್ಳದೆ ಹೋದರು. ಗಡಿಯಾರ ನೋಡಿದರೆ ಊಟದ ಹೊತ್ತು ಯಾವಾಗಲೋ ಮೀರಿತ್ತು. ಅವಳನ್ನು ಒಂಟಿಯಾಗಿ ಕೂರಿಸಿದ್ದು ಅದೇ ಮೊದಲು. ಚೆಲ್ಲಿದ ಗುಂಡಿಗಳನ್ನು ಹಾಗೇ ಬಿಟ್ಟು ಬೀದಿ ದಾಟಿ ಓಡಿದೆ.

ಕತ್ತರಿ ಮಷಿನ್ ತುಳಿಯುತ್ತಿದ್ದಳು. ಅವಳ ತಟ್ಟೆ ತೊಳೆದು ಕವುಚಿಟ್ಟಿತ್ತು. ತಿಂದು ತೊಳೆದದ್ದೋ, ಚೆಲ್ಲಿ ತೊಳೆದದ್ದೋ? ಕೇಳಬಾರದು ಎಂಬುದು ನಿಯಮ. ಅಮ್ಮನ ಮುಖ ನೋಡಿದೆ. ಅವರು ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಮೇಜಿನ ಕಡೆ ಕಣ್ಣು ಮಾಡಿದರು. ನನ್ನ ಡಬ್ಬಿಯ ಮುಚ್ಚಳ ಓರೆಯಾಗಿತ್ತು. ತೆಗೆದೆ. ಅರ್ಧ ಖಾಲಿ.

ಮಷಿನ್ ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ.

"ತುಂಬಾ ಹಸಿವಾಯ್ತಕ್ಕ. ನೀನು ಬರೋವರ್ಗೂ ತಡೆಯೋಕಾಗ್ಲಿಲ್ಲ. ನಂದು ಸಾಕಾಗ್ಲಿಲ್ಲ, ನಿಂದ್ರಲ್ಲೂ ತಗೊಂಡ್ಬಿಟ್ಟೆ."

ಶಭಾಷ್ ಎನ್ನುವಂತಿಲ್ಲ, ಆಹಾ ಎನ್ನುವಂತಿಲ್ಲ. ಆಕಳಿಕೆಯೂ ಬರಲಿಲ್ಲ. ಕೇಳದೆ ಕೈ ಹಾಕ್ತೀಯಾ ಕಳ್ಳಿ ಎಂದು ಬೈದು, ಉಳಿದಿದ್ದ ಅರ್ಧವನ್ನು ಅವಳ ಎದುರಿಗೆ ಕೂತು ತಿಂದೆ. ಅಷ್ಟು ಸಂತೋಷವಾಗಿ ಅರೆಹೊಟ್ಟೆಯಲ್ಲಿ ನಾನು ಎಂದೂ ಎದ್ದಿರಲಿಲ್ಲ.